ಅವ್ವನ ಕಾಲಿನ ಅಳತೆಗೆ ಇಳಿಸಿದ ಕಾರು

ಮಾಗಳದಲ್ಲಿರುವ ನಮ್ಮ ದೊಡ್ಡವ್ವನಿಗೆ ಕೈ ಮೇಲೆತ್ತಲು ಬರುವುದಿಲ್ಲ. ಕೂಡ್ಲಿಗಿಯಲ್ಲಿ ನಮ್ಮ ಜೊತೆಗಿರುವ ಅವ್ವನಿಗೆ ಕಾಲು ಮೇಲೆತ್ತಲು ಬರುವುದಿಲ್ಲ. ಆದರೂ ಆಗಾಗ ಹೋಗಿ ಅಕ್ಕನ ತಲೆಗೆ ಎಣ್ಣೆ ಹಚ್ಚಿ ಬಾಚಿ ಬರದಿದ್ದರೆ ಅವ್ವನಿಗೆ ಊಟ ಸೇರುವುದಿಲ್ಲ. ನನ್ನದೋ ಜೀಪಿನಂಥ ಎತ್ತರದ ಹಳೆ ಕಾರು. ಹತ್ತಲು ಸ್ಟೂಲ್ ಇಟ್ಟರೆ ಅವ್ವ ಕೋಲಿನಿಂದ ಅದನ್ನು ದೂರ ತಳ್ಳಿದಳು.

“ಸ್ಟೂಲ್ ಹತ್ತಾಕ ನಾನೇನು ಅಷ್ಟು ಮುದುಕಿ ಆಗೀನೇನ್ಲೇ?”

ಅವಳು ಬಗ್ಗುವವಳಲ್ಲ, ಕಾರೇ ಬಗ್ಗಬೇಕಾಯಿತು. ಗ್ಯಾರೇಜಿನ ಸಾಹೇಬರು ಅವ್ವನನ್ನೇ ಕರೆಸಿ ಕುರ್ಚಿ ಹಾಕಿ ಕೂರಿಸಿದರು. ದರ್ಜಿ ಅಳತೆ ತೆಗೆದಂತೆ, ಕಾರು ತಗ್ಗಲೆಂದು ಒಂದು ಗಿಡ್ಡ ಸ್ಪ್ರಿಂಗು ಹಾಕಿ, “ಈಗ ಕಾಲಿಡ್ರಿ ಅವ್ವಾರ” ಎಂದರು. ಸಾಲಲಿಲ್ಲ. ಇನ್ನೂ ಗಿಡ್ಡದು ಹಾಕಿದರು. ಅವ್ವನ ಕಾಲು ಒಳಗೆ ಹೋದದ್ದೇ ತಡ, ಎಲ್ಲರಿಗೂ ಚಹಾ ಬಂತು. ಸ್ಪ್ರಿಂಗ್ ಬದಲಿಸಿದ ಮೇಲೆ ಚಕ್ರಗಳು ನೆಟ್ಟಗಿವೆಯೇ ಎಂದು ಅಲೈನ್‌ಮೆಂಟ್ ನೋಡಬೇಕೆಂಬುದು ಆ ಸಂಭ್ರಮದಲ್ಲಿ ಸಾಹೇಬರಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ.

ಮುಂದೆ ಮಾಗಳಕ್ಕೆ ಹೋಗುವ ಹಡಗಲಿ ದಾರಿಯ ಒಂದೊಂದು ಹಂಪ್ಸಿಗೂ ಕಾರಿನ ಹೊಟ್ಟೆ ಕೆರೆಯುತ್ತಿತ್ತು. ಭಾರ ಕಡಿಮೆಯಾಗಲೆಂದು ನನ್ನ ಹೆಂಡತಿ ಇಳಿದು ನಡೆಯುತ್ತಿದ್ದಳು, ಅವ್ವ ಮಾತ್ರ ಮಹಾರಾಣಿಯಂತೆ ಕೂತಿರುತ್ತಿದ್ದಳು. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ರಸ್ತೆಯನ್ನು ಬೈಯುತ್ತಿದ್ದೆ.

ಹೊರಡುವ ಮುಂಚೆ ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸುವುದು ಅವ್ವನ ಪದ್ಧತಿ. ಒಂದು ಬೆಳಿಗ್ಗೆ ಕಾರು ಮುಂದೆ ಬಿಟ್ಟರೆ, ಟೈರಿನ ಹೊರ ಅಂಚಿಗೆ ಇಟ್ಟಿದ್ದ ಹಣ್ಣು ಚಪ್ಪಟೆಯಾಗದೆ ಪುಟಿದು ಅಂಗಳಕ್ಕೆ ಉರುಳಿತು.

“ಊರಮ್ಮ ಒಲ್ಲೆ ಅಂದಾಳ. ನಾ ಬರಂಗಿಲ್ಲ” ಎಂದಳು ಅವ್ವ.

ನನಗೆ ಸಿಟ್ಟು ಬಂತು. “ಒಳಗ ಇಡ್ತೀನಿ ತಡಿ, ಹೆಂಗ ಒಲ್ಲೆ ಅಂತಾಳ ನೋಡ್ತೀನಿ!” ಎಂದು ಕೂತು, ಹಣ್ಣನ್ನು ಟೈರಿನ ಒಳ ಅಂಚಿನವರೆಗೆ ತಳ್ಳಿದೆ. ಬೆರಳಿಗೆ ಏನೋ ಚುಚ್ಚಿ ರಕ್ತ ಬಂತು. ಬಗ್ಗಿ ನೋಡಿದರೆ ಒಳಬದಿಯ ರಬ್ಬರ್ ಪೂರ್ತಿ ಸವೆದು ತಂತಿ ಹೊರಗೆ ಬಂದಿತ್ತು. ಹೊರಗಿನಿಂದ ನೋಡುವವರಿಗೆ ಅದು ಹೊಸ ಟೈರು. ಆ ಟೈರಿನ ಮೇಲೆ ನಾನು ಅವ್ವನನ್ನು ಕೂರಿಸಿಕೊಂಡು ಹೊರಟಿದ್ದೆ. ಕೂತಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿದೆ.

ಸಾಹೇಬರು ಮನೆಗೇ ಬಂದು ನೋಡಿ ಹಣೆ ಚಚ್ಚಿಕೊಂಡರು. “ಗಾಡಿ ಇಳಿಸಿದಾಗ ಚಕ್ರದ ತಲಿ ಒಳಗ ವಾಲೇತ್ರಿ. ಭಾರ ಎಲ್ಲಾ ಒಳಗಿನ ಅಂಚಿಗೇ ಬಿದ್ದೈತಿ. ಇಷ್ಟು ಇಳಿಸಿದ್ರ ಅಲೈನ್‌ಮೆಂಟ್ ಮಾಡಿದ್ರೂ ಪೂರ್ತಿ ನೆಟ್ಟಗ ಆಗಂಗಿಲ್ಲ. ಎತ್ತರ ಮಾಡಬೇಕು. ಆದ್ರ ಅವ್ವಾರು...”

ಎನ್ನುತ್ತ ಅವರು ಅವ್ವನ ಕಡೆ ನೋಡಿದರು. ನಾನೂ ನೋಡಿದೆ. ಇನ್ನು ಅವ್ವ ಮಾಗಳಕ್ಕೆ ಹೋಗುವುದು ಮುಗಿಯಿತು ಎಂದುಕೊಂಡೆ.

ಅವ್ವ, “ಎತ್ತರ ಮಾಡ್ರಿ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಆ ಸ್ಟೂಲ್ ಎಲ್ಲೈತಿ?” ಎಂದು ಕೇಳಿದಳು.

ಹಳೆ ಸ್ಪ್ರಿಂಗು, ಹೊಸ ಟೈರು, ಈ ಸಲ ಮರೆಯದೆ ಅಲೈನ್‌ಮೆಂಟ್. ಆ ನಿಂಬೆಹಣ್ಣಿಗೂ, ಊರಮ್ಮನಿಗೂ, ಅವ್ವನ ಹಟಕ್ಕೂ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಮಾಗಳ ಮುಟ್ಟಿದಾಗ ಅವ್ವ ಸ್ಟೂಲ್ ಮೇಲೆ ಕಾಲಿಟ್ಟು ನಿಧಾನ ಇಳಿದಳು. ಅದನ್ನೇ ಹೊಸ್ತಿಲ ಹತ್ತಿರ ಹಾಕಿಸಿಕೊಂಡು, ಎಣ್ಣೆ ಬಟ್ಟಲು ಹಿಡಿದು ಕೂತಳು. ದೊಡ್ಡವ್ವ ಅವಳ ಮುಂದೆ ನೆಲದ ಮೇಲೆ ಕೂತು, ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು.