ಗದ್ದೆಮ್ಮನ ಕಿವಿಯೊಳಗಿನ ಸಪ್ಪಳ

ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ಇಪ್ಪತ್ತೆರಡು ವರ್ಷ ತೌಡು ಬಳಿದವಳು ಗದ್ದೆಮ್ಮ. ಅವಳು ಮಿಲ್ಲು ಬಿಟ್ಟು ಮೂರು ವರ್ಷವಾಯಿತು, ಮಿಲ್ಲು ಮಾತ್ರ ಅವಳನ್ನು ಬಿಟ್ಟಿಲ್ಲ. ಎರಡೂ ಕಿವಿಯೊಳಗೆ ಹಗಲಿಲ್ಲ ಇರುಳಿಲ್ಲ, ಒಂದೇ ಸಪ್ಪಳ.

ಕಿವಿ ಡಾಕ್ಟರ ಹತ್ತಿರ ಹೋದದ್ದೂ ಆಯಿತು. ಎಷ್ಟು ದಿನದಿಂದ, ಯಾವ ಕಿವಿ ಅಂತ ಕೇಳಿದ ಡಾಕ್ಟರು, ಮೇಜಿನ ಮೇಲಿನ ಪೆನ್ನು ನೋಡುತ್ತಾ, "ನರ ಸವದಾವ. ಇದಕ್ಕ ಔಷಧ ಇಲ್ಲ, ರೂಢಿ ಮಾಡ್ಕೋಬೇಕು" ಅಂದರು. ರೂಢಿ ಮಾಡಿಕೊಳ್ಳೋದಕ್ಕೆ ಅದೇನು ಹೊಸ ಚಪ್ಪಲಿಯೇ? ಪಕ್ಕದ ಮನೆಯ ಪದ್ಮಾವತಿ ಬೆಳ್ಳುಳ್ಳಿ ಎಣ್ಣೆ ಬಿಡು ಅಂದಳು. ಬಿಟ್ಟದ್ದೂ ಆಯಿತು. ಕಿವಿ ನಾರಿತು, ಸಪ್ಪಳ ಹೋಗಲಿಲ್ಲ.

ಮಗಳು ಸುರೇಖಾ ಗೊರೇಬಾಳದ ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್. ರವಿವಾರ ಬಂತೆಂದರೆ ಗಿಟಾರು ಹೆಗಲಿಗೇರಿಸಿ ಇಶ್ತಿಯಾಕನ ಗೋದಾಮಿಗೆ ಓಡುವಳು. ಇಶ್ತಿಯಾಕ ಮದುವೆ, ಸಭೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವವನು. ಅವನಿಗೂ ಗಿಟಾರಿನ ಹುಚ್ಚು. ಮಸ್ಕಿಯಿಂದ ಬೈಕಿನಲ್ಲಿ ಬರುವ ಮಲ್ಲೇಶನದು ಡ್ರಮ್ಮು. ಮೂವರೂ ಸೇರಿ 'ತೌಡು' ಅಂತ ಬ್ಯಾಂಡು ಕಟ್ಟಿದ್ದರು. ಹೆಸರು ಕೇಳಿದ ಗದ್ದೆಮ್ಮ, "ನಾ ಬಳದದ್ದು ಸಾಲಲಿಲ್ಲೇನು ನಿನಗ?" ಅಂದಿದ್ದಳು. ಅವರದು ಶೂಗೇಜ್ ಅನ್ನುವ ಸಂಗೀತವಂತೆ. ಮೊರೆತ ಮೇಲೆ, ಹಾಡು ಅದರ ಅಡಿಯಲ್ಲೆಲ್ಲೋ. ಕಾಲ ಬಳಿ ಗಿಟಾರಿನ ದನಿ ತಿರುಚುವ ಏಳೆಂಟು ಸಣ್ಣ ಪೆಟ್ಟಿಗೆ ಇಟ್ಟುಕೊಂಡು, ಅವನ್ನೇ ನೋಡುತ್ತಾ, ತುಳಿಯುತ್ತಾ ಬಾರಿಸುವುದು. "ಏನ್ ತಪ್ಪು ಮಾಡೀರಿ ಅಂತ ಹಿಂಗ ತಲಿ ಬಗ್ಗಿಸ್ಕೊಂಡು ನಿಂತೀರಿ?" ಎಂದು ಗದ್ದೆಮ್ಮ ಕಾಡಿಸುವಳು.

ಮೊದಲ ಆಲ್ಬಮ್ಮನ್ನು ಊರಲ್ಲಿ ಯಾರೂ ಕೇಳಲಿಲ್ಲ. ಎರಡನೆಯದಕ್ಕೆ ಕೈ ಹಾಕುವಾಗ ಸುರೇಖಾ ತಾಯಿಯ ಮುಂದೆ ಬಂದು ಕೂತಳು.

"ಯವ್ವಾ, ನಿನ್ನ ಕಿವ್ಯಾಗಿನ ಸಪ್ಪಳ ಖರೇನ ಹೆಂಗೈತಿ ಹೇಳು. ನಾವು ಅದನ್ನ ಗಿಟಾರಿನ್ಯಾಗ ಹುಡುಕಬೇಕಂತ ಮಾಡೀವಿ."

ಹೇಗಿದೆ ಅಂತ ಈ ಮೂರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಗದ್ದೆಮ್ಮನಿಗೆ ಅಳು ಬಂತು. ಅಳುವಿನ ಹಿಂದೆಯೇ ಆಸೆಯೂ ಬಂತು, ಅದಕ್ಕೆ ಕಾರಣವಿತ್ತು. ಹೋದ ಬುದ್ಧ ಪೂರ್ಣಿಮೆಯ ಸಭೆಯಲ್ಲಿ ಮೈಕು ಕುಂಯ್ ಅಂತ ಚೀರಿ ಎಲ್ಲರೂ ಕಿವಿ ಮುಚ್ಚಿಕೊಂಡಾಗ, ಇಶ್ತಿಯಾಕ ಬಟನ್ನುಗಳನ್ನು ಒಂದೊಂದಾಗಿ ತಿರುವಿ ಆ ಚೀರಾಟವನ್ನು ಅಡಗಿಸಿದ್ದ. ಹೆಂಗ ಮಾಡಿದಿ ಅಂತ ಕೇಳಿದ್ದಕ್ಕೆ, "ಮೊದ್ಲು ಆ ಸಪ್ಪಳ ಎಲ್ಲೈತಿ ಅಂತ ಹುಡುಕಬೇಕು ಚಾಚಿ. ಸಿಕ್ತಂದ್ರ ಮುಗೀತು, ಅದೊಂದನ್ನ ಕೊಯ್ದು ಒಗಿಯೂದು" ಅಂದಿದ್ದ. ಈಗ ಅದೇ ಇಶ್ತಿಯಾಕ ತನ್ನ ಸಪ್ಪಳ ಹುಡುಕುತ್ತಾನೆ. ಯಾತಕ್ಕೆ ಅಂತ ಕೇಳುವುದೇನಿದೆ? ಹಾಡು ಅವರ ಪಾಲಿಗಿರಲಿ, ಕೊಯ್ದು ಒಗೆಯುವುದು ತನ್ನ ಪಾಲಿಗಿದ್ದರೆ ಸಾಕು ಅಂದುಕೊಂಡಳು.

ನಾಲ್ಕು ತಿಂಗಳು, ಒಂದು ರವಿವಾರವನ್ನೂ ತಪ್ಪಿಸಲಿಲ್ಲ. ಗೋದಾಮಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಮಿಲ್ಲಿನ ಮುಕಾದಮನಿಗಿಂತ ಬಿಗಿಯಾಗಿ ಕೆಲಸ ತೆಗೆದಳು.

"ಇದಲ್ಲ. ಇನ್ನೂ ಸಣ್ಣಗ. ತಗಡಿನ ಮ್ಯಾಲೆ ನುಚ್ಚು ಸುರದಂಗ, ಅದರ ಹಿಂದ ಜೀರುಂಡಿ ಕುಂತಂಗ."

ಗಿಟಾರಿನ ಮೇಲೆ ಗಿಟಾರು ಪೇರಿಸಿದರು. ಕೆಡವಿದರು, ಮತ್ತೆ ಪೇರಿಸಿದರು. ಒಂದು ಮಧ್ಯಾಹ್ನ ಗದ್ದೆಮ್ಮ ತಟ್ಟನೆ ಕೈ ಎತ್ತಿದಳು.

"ಇದಾ! ಇದಾ ನೋಡು!"

ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ಅವಳಿಗೇ ತಿಳಿಯದಾಯಿತು. "ನಿಮಗೂ ಕೇಳಾಕತ್ತೈತೇನು?"

"ಕೇಳಾಕತ್ತೈತಿ ಚಾಚಿ. ಸಿಕ್ತು!" ಅಂದ ಇಶ್ತಿಯಾಕ.

ಸಿಕ್ಕಿತು ಅಂದರೆ ಮುಗಿಯಿತು. ಅಂದು ಮನೆಗೆ ಬಂದವಳೇ ಗದ್ದೆಮ್ಮ ಹೋಳಿಗೆ ಮಾಡಿದಳು. ಆಲ್ಬಮ್ಮು ಬಿಡುಗಡೆಯ ದಿನ ಗೋದಾಮಿನಲ್ಲಿ ಎಲ್ಲರಿಗೂ ಕೇಳಿಸುತ್ತೇವೆ ಅಂತ ಸುರೇಖಾ ಹೇಳಿದಾಗ, ಕೊಯ್ಯುವುದೂ ಅಂದೇ ಅಂತ ಲೆಕ್ಕ ಹಾಕಿದಳು. ಶುಭಕಾರ್ಯಕ್ಕೆ ದಿನ ನೋಡಬೇಕಲ್ಲ. ಹಿಂದಿನ ದಿನ ಪದ್ಮಾವತಿಗೂ ಹೇಳಿ ಬಂದಳು: "ನಾಳಿಂದ ನೀ ಮೆಲ್ಲಕ ಮಾತಾಡಿದ್ರೂ ನನಗ ಕೇಳ್ತೈತಿ ನೋಡು."

ಬಿಡುಗಡೆಯ ದಿನ ಇಪ್ಪತ್ತು ಮಂದಿ ಸೇರಿದ್ದರು. ಲಿಂಗಸುಗೂರಿನಿಂದಲೂ ನಾಲ್ವರು ಬಂದಿದ್ದರು. ಮಂಡಕ್ಕಿ, ಮಿರ್ಚಿ ಹಂಚಿದರು. ಇಳಕಲ್ ಸೀರೆ ಉಟ್ಟು ಬಂದ ಗದ್ದೆಮ್ಮನನ್ನು ಸ್ಪೀಕರಿನ ಎದುರಿಗೇ ಕೂರಿಸಿದರು. ಕೊನೆಯ ಹಾಡು ಅವಳದೇ ಸಪ್ಪಳ, ಹನ್ನೊಂದು ನಿಮಿಷ. ಅವಳು ಕಣ್ಣು ಮುಚ್ಚಿ, ಸೆರಗು ಬಿಗಿ ಹಿಡಿದು ಕಾದಳು. ಇಶ್ತಿಯಾಕ ಬಟನ್ನನ್ನು ಮೆಲ್ಲಗೆ, ತೀರಾ ಮೆಲ್ಲಗೆ ಇಳಿಸುತ್ತಾ ಬಂದ. ಮೊರೆತ ಕರಗಿತು, ನಿಂತಿತು. ಜನ ಚಪ್ಪಾಳೆ ಹೊಡೆದರು. ಒಬ್ಬ ಹುಡುಗಿ ಕಣ್ಣೊರೆಸಿಕೊಂಡಳು.

ಗದ್ದೆಮ್ಮ ಕಣ್ಣು ಬಿಟ್ಟಳು.

"ನಿಮ್ದು ನಿಂತು," ಅಂದಳು. "ನಂದು ಇನ್ನೂ ನಡದೈತಿ. ಇಶ್ತಿಯಾಕ, ಇನ್ನೊಂಚೂರು ತಿರುವಪ್ಪ."

ಇಶ್ತಿಯಾಕ ಬಟನ್ನಿಗೆ ಕೈ ಹಾಕಿದ. ಅದು ಆಗಲೇ ತಳ ಮುಟ್ಟಿತ್ತು.

"ಯವ್ವಾ, ಏನ್ ತಿರುವಬೇಕು?" ಅಂದಳು ಸುರೇಖಾ.

"ಹುಡುಕೀರಿ, ಸಿಕ್ಕೈತಿ. ಕೊಯ್ದು ಒಗಿಯೂದೊಂದ ಉಳದೈತಲ್ಲ?"

ಸುರೇಖಾಳ ಮುಖದ ಬಣ್ಣ ಇಳಿಯಿತು. ಅವಳೂ ಇಶ್ತಿಯಾಕನೂ ತಲೆ ಬಗ್ಗಿಸಿ ಕಾಲು ನೋಡುತ್ತಾ ನಿಂತರು. ಡಾಕ್ಟರು ಪೆನ್ನು ನೋಡಿದ್ದೂ ಹೀಗೆಯೇ. ಗದ್ದೆಮ್ಮನಿಗೆ ಆಗ ತಿಳಿಯಿತು. ಇನ್ನು ಹೋಗುವುದಕ್ಕೆ ಯಾವ ಬಾಗಿಲೂ ಉಳಿದಿರಲಿಲ್ಲ.

ಕುರ್ಚಿಯನ್ನು ಸ್ಪೀಕರಿನ ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ಹಚ್ಚು ಮತ್ತ," ಅಂದಳು. "ಹಾಡು ನಡದಿರೂತನಕರ ನನ್ನ ಸಪ್ಪಳ ನೀವೂ ಕೇಳ್ತೀರಿ."