ಕೊರಕಲಿನಲ್ಲಿ ತೆರೆಯದ ಬಾಗಿಲು

ಕೋವಿಡ್ ಮುಗಿದ ಮರುವರ್ಷ ನಾನು ನೆಲಮಂಗಲದಲ್ಲಿ ವಾಹನ ಸರ್ವೇಯರ್ ಆಗಿದ್ದೆ. ಅಪಘಾತವಾದ ಗಾಡಿಗಳ ನಷ್ಟ ಅಂದಾಜಿಸಿ ವಿಮಾ ಕಂಪನಿಗಳಿಗೆ ವರದಿ ಕೊಡುವುದು ಕೆಲಸ. ಹಳೆಯ ಗಾಡಿ ಕೊಳ್ಳುವವರು ಕರೆದರೆ ಹೋಗಿ ಪರೀಕ್ಷಿಸಿಯೂ ಕೊಡುತ್ತಿದ್ದೆ. ಹೆಚ್ಚಾಗಿ ಲಾರಿಗಳೇ ಸಿಗುತ್ತಿದ್ದವು. ಹಾಸಿಗೆ, ಒಲೆ, ಶೌಚಾಲಯ ಎಲ್ಲ ಒಳಗೇ ಇರುವ ಮೋಟರ್‌ಹೋಮ್ ನೋಡಲು ಕರೆದವರು ನರಸಿಂಹಯ್ಯ ದಂಪತಿ ಮಾತ್ರ.

ನರಸಿಂಹಯ್ಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ವಿಮಲಮ್ಮನಿಗೆ ಚಿಕ್ಕಂದಿನ ಪೋಲಿಯೊದಿಂದ ಕಾಲುಗಳಲ್ಲಿ ಬಲವಿಲ್ಲ, ವೀಲ್‌ಚೇರ್ ಬೇಕು. ಊರೂರಿನ ವೀರಗಲ್ಲುಗಳನ್ನು ನೋಡಿ ಚಿತ್ರ ಬರೆಯಬೇಕೆಂದು ಇಬ್ಬರಿಗೂ ಆಸೆ. ಅಂಥ ಕಲ್ಲುಗಳು ಹೆದ್ದಾರಿಯ ಪಕ್ಕ ಇರುವುದಿಲ್ಲ.

“ಎಲ್ಲಿಗೆ ಹೊರಟ್ರೂ ಬೆಳಗ್ಗೆಯಿಂದ ನೀರೇ ಕುಡಿಯಲ್ಲ ಸರ್. ದಾರೀಲಿ ನನಗಾಗೋ ಟಾಯ್ಲೆಟ್ ಎಲ್ಲಿರುತ್ತೆ?” ಎಂದರು ವಿಮಲಮ್ಮ.

ಅವರು ಮೆಚ್ಚಿದ್ದು ವ್ಯಾನೊಂದನ್ನು ಮಾರ್ಪಡಿಸಿ ಮಾಡಿದ ಪುಟ್ಟ ಮೋಟರ್‌ಹೋಮ್. ಎಂಜಿನ್ ಚೆನ್ನಾಗಿತ್ತು, ಗಾಡಿಯ ಅಡಿಯ ಉಕ್ಕಿನ ಚೌಕಟ್ಟು, ಚಾಸಿಗೆ, ತುಕ್ಕು ಹಿಡಿದಿರಲಿಲ್ಲ. ಆದರೆ ಮುಂದಿನ ಸೀಟಿಗೂ ಹಿಂದಿನ ಕೋಣೆಗೂ ನಡುವೆ ದೊಡ್ಡ ಬೀರು ಕೂರಿಸಿದ್ದರು. ಹಿಂದಿನಿಂದ ಹೊರಬರಲು ಪಕ್ಕದ ಜಾರುಬಾಗಿಲೊಂದೇ ದಾರಿ. ಮಾರುವವನು ಹೆದ್ದಾರಿಯಲ್ಲಿ ಒಂದು ಸುತ್ತು ಸಾಕೆಂದ. ಸಂಜೆಗೆ ಬೇರೆ ಗಿರಾಕಿ ಬರುತ್ತಾರೆಂದು ಅವಸರವನ್ನೂ ಮಾಡಿದ. ನಾನು ಒಪ್ಪದೆ, ಅವನನ್ನು ಅಲ್ಲೇ ಬಿಟ್ಟು ಗಾಡಿಯನ್ನು ತ್ಯಾಮಗೊಂಡ್ಲು ಕಡೆಯ ಮಣ್ಣುರಸ್ತೆಗೆ ತಿರುಗಿಸಿದೆ. ಮೇಷ್ಟ್ರು ನನ್ನ ಪಕ್ಕ ಕೂತರು. “ಇದ್ರಲ್ಲಿ ಇರೋಳು ನಾನಲ್ವಾ?” ಎಂದು ವಿಮಲಮ್ಮ ಹಿಂದೆ ಕೂತರು.

ಮಳೆನೀರು ಕೊರೆದ ಇಳಿಜಾರಿನಲ್ಲಿ ಹಿಂದಿನ ಎಡಚಕ್ರ ಕೊರಕಲಿಗೆ ಇಳಿಯಿತು. ಗಾಡಿಯ ಮೈ ತಿರುಚಿಕೊಂಡು ಕಿರ್ ಎಂದಿತು. ಒಳಗೆ ಏನೋ ಬಿದ್ದ ಸದ್ದು. ಕೂಡಲೇ ವಿಮಲಮ್ಮ ಕೂಗಿದರು:

“ಸರ್, ಗ್ಯಾಸ್ ವಾಸನೆ ಬರ್ತಿದೆ!”

ಎಂಜಿನ್ ನಿಲ್ಲಿಸಿ ಇಳಿದು ಓಡಿದೆ. ಬಾಗಿಲು ಅಲುಗಲಿಲ್ಲ. ಮೈ ತಿರುಚಿದ್ದರಿಂದ ಅದು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಮೇಷ್ಟ್ರು ಎರಡೂ ಕೈಯಿಂದ ಎಳೆದು ಸೋತು, “ಗಾಡಿ ಸ್ಟಾರ್ಟ್ ಮಾಡಿ ಮುಂದಕ್ಕೆ ತಗೊಳ್ಳಿ ಸರ್!” ಎಂದು ಮುಂದಕ್ಕೆ ಓಡಿದರು. ನಾನು ಅವರ ಕೈ ಹಿಡಿದೆ. ಒಂದು ಕಿಡಿ ಸಾಕಿತ್ತು.

ಸಿಲಿಂಡರ್ ಒಳಗೆ, ಅಡುಗೆ ಕಟ್ಟೆಯ ಕೆಳಗಿತ್ತು. ಅದನ್ನು ಮುಟ್ಟಲು ಸಾಧ್ಯವಿದ್ದವರು ವಿಮಲಮ್ಮ ಒಬ್ಬರೇ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಅವರು ಹೋಗಬೇಕಾದದ್ದೂ ನೆಲದ ಮೇಲೆ ತೆವಳಿಕೊಂಡೇ.

“ಅಮ್ಮಾ, ಯಾವ ಸ್ವಿಚ್ಚೂ ಮುಟ್ಬೇಡಿ. ಮೊದ್ಲು ಕಿಟಕಿ ತೆಗೀರಿ. ಉಸಿರು ತುಂಬ್ಕೊಂಡು ಕೆಳಗಿಳಿದು ರೆಗ್ಯುಲೇಟರ್ ತಿರುಗಿಸಿ.”

ಕಿಟಕಿ ತೆರೆಯಿತು. ಒಂದು ಕ್ಷಣ ಅವರ ಮುಖ ಕಂಡಿತು, ಆಮೇಲೆ ಕಾಣಲಿಲ್ಲ. ಮೈ ನೆಲಕ್ಕೆ ಉಜ್ಜುವ ಸದ್ದು ಕೇಳಿಸಿ ನಿಂತುಹೋಯಿತು. “ವಿಮಲಾ...” ಎನ್ನುತ್ತ ಮೇಷ್ಟ್ರು ಕಿಟಕಿಯೊಳಗೆ ಬಗ್ಗಿ ನೋಡಿದರು.

ಕೆಮ್ಮು ಕೇಳಿಸಿತು. “ಆಫ್ ಆಯ್ತು,” ಎಂದರು ವಿಮಲಮ್ಮ. ಒಂದು ಕೈ ಕಿಟಕಿಯ ಅಂಚನ್ನು ಹಿಡಿಯಿತು. ಮೇಷ್ಟ್ರು ಆ ಕೈಯನ್ನು ಬಿಡಲೇ ಇಲ್ಲ.

ವಾಸನೆ ಪೂರ್ತಿ ಹೋಗುವ ತನಕ ಕಾದು, ಕುಸಿದ ಮೂಲೆಗೆ ಜಾಕ್ ಕೊಟ್ಟು ಮೆಲ್ಲಗೆ ಎತ್ತಿದೆ. ಮೈ ನೇರವಾಯಿತು. ಬಾಗಿಲು ಏನೂ ಆಗಿಲ್ಲವೆಂಬಂತೆ ಸರಿಯಿತು. ಬೀರುವಿನ ಹಲಗೆ ಉಜ್ಜಿ ಉಜ್ಜಿ ಗ್ಯಾಸ್ ಪೈಪು ತೆಳ್ಳಗಾಗಿತ್ತು. ಆ ಒಂದು ಕುಲುಕಿಗೆ ಸೀಳಿತ್ತು.

ವಾಪಸು ಬರುವಾಗ ವಿಮಲಮ್ಮನನ್ನೂ ಮುಂದೆಯೇ ಕೂರಿಸಿಕೊಂಡೆವು. ಮೇಷ್ಟ್ರು, “ಈ ಹುಚ್ಚೇ ಬೇಡ, ಮನೇಲಿರೋಣ,” ಎಂದರು.

ವಿಮಲಮ್ಮ ತಿರುಗಿ ನೋಡಿದರು. “ಈ ಗಾಡಿ ಬೇಡ ರೀ. ಗಾಡೀನೇ ಬೇಡ ಅಂತ ಯಾರಂದ್ರು?”

ಮುಂದಿನ ತಿಂಗಳು ಇನ್ನೊಂದನ್ನು ಹುಡುಕಿದೆವು. ಉದ್ದ ಕಡಿಮೆ, ನೆಲದಿಂದ ಎತ್ತರ ಹೆಚ್ಚು. ಬೀರು ಇಲ್ಲ, ಸಿಲಿಂಡರಿಗೆ ಹೊರಗಿನಿಂದ ತೆರೆಯುವ ಪೆಟ್ಟಿಗೆ, ಹಿಂದೆಯೂ ಒಂದು ಬಾಗಿಲು. ಬಣ್ಣ ಮಾಸಿತ್ತು. ಒಂದು ಚಕ್ರವನ್ನು ಹಳ್ಳಕ್ಕಿಳಿಸಿ ನಿಲ್ಲಿಸಿದಾಗ ವಿಮಲಮ್ಮ ಒಳಗಿನಿಂದಲೇ ಹೇಳಿದರು: “ಯಾರೂ ಕೈ ಹಾಕ್ಬೇಡಿ.” ಚಿಲಕ ತೆಗೆದರು, ಇಳಿಹಲಗೆ ತಳ್ಳಿದರು, ವೀಲ್‌ಚೇರ್ ಹಿಡಿತದಲ್ಲಿಟ್ಟುಕೊಂಡು ಒಬ್ಬರೇ ಇಳಿದು ಬಂದರು. “ಇದನ್ನೇ ತಗೊಳ್ಳೋಣ,” ಎಂದರು.

ಒಳಗೆ ಮನುಷ್ಯರು ಮಲಗಿ ಏಳುವ ಗಾಡಿಯನ್ನು ಸಮನೆಲದಲ್ಲಿ ನೋಡಿ ವರದಿ ಬರೆಯಬಾರದೆಂದು ನಾನು ಕಲಿತದ್ದು ಆ ಕೊರಕಲಿನಲ್ಲಿ. ಈಗಲೂ ಎಂಜಿನ್ ಆಮೇಲೆ ನೋಡುತ್ತೇನೆ. ಮೊದಲು ಅದರಲ್ಲಿ ಇರಬೇಕಾದವರನ್ನೇ ಕೂರಿಸಿ, ಚಕ್ರವನ್ನು ಹಳ್ಳಕ್ಕಿಳಿಸಿ, ನಾನು ಹೊರಗೆ ನಿಂತು ಕಾಯುತ್ತೇನೆ. ಅವರು ತಾವಾಗಿ ಹೊರಗೆ ಬರಬೇಕು.