ಹಾರನಹಳ್ಳಿ ರಸ್ತೆಯಲ್ಲಿ ಬೆಳಕು ಬೆಸೆಯುವ ಪ್ರಮೀಳಾ

ಈಗಷ್ಟೇ ಬೆಳಕು ಹರಿಯುತ್ತಿದೆ. ಹಾರನಹಳ್ಳಿ ರಸ್ತೆಯ ಪಕ್ಕದ ಗುಂಡಿಯ ಮುಂದೆ ಪ್ರಮೀಳಾ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಎರಡು ಕೇಬಲ್ ಕೂಡುವ, ಬಿಚ್ಚಿದ ಕಪ್ಪು ಪೆಟ್ಟಿಗೆ, ಬೆರಳ ತುದಿಯಲ್ಲಿ ಕೂದಲಿನಂಥ ಗಾಜಿನ ಎಳೆ. ಮೊದಲ ಬಸ್ಸು ಧೂಳೆಬ್ಬಿಸುವ ಮುಂಚೆ ಬೆಸುಗೆ ಮುಗಿಯಬೇಕು. ಕುತೂಹಲಕ್ಕೆ ಬಗ್ಗಿದ ನನಗೆ, "ಉಸ್ರು ಅತ್ಲಾಗ್ ಬುಡ್ರಿ ಸಾರ್" ಎಂದು ಗದರುತ್ತಾರೆ. ಅತ್ತ ತಿರುಗಿ ಕೂರುತ್ತೇನೆ.

ಮಾಹಿತಿಯನ್ನು ಬೆಳಕಾಗಿ ಹೊರುವ ಈ ಎಳೆ ಮೈಸೂರಿನ ಸಂಶೋಧನಾ ಸಂಸ್ಥೆಯೊಂದನ್ನು ಕರಾವಳಿಯ ಇನ್ನೊಂದಕ್ಕೆ ಜೋಡಿಸುತ್ತದೆ. ಮಾಹಿತಿ ಎಷ್ಟು ವೇಗದಲ್ಲಿ ಹರಿಯಬಲ್ಲದು ಎಂದು ನಡೆಸಿದ ಪರೀಕ್ಷೆ ಎರಡು ಸಲ ಕೈಕೊಟ್ಟಿದೆ. ಕಡಿಮೆ ವೇಗದಲ್ಲಿ ಎಲ್ಲವೂ ಸರಿ. ಪೂರ್ತಿ ವೇಗಕ್ಕೆ ಏರಿಸಿದರೆ ಚೂರುಪಾರು ದಾರಿಯಲ್ಲೇ ಕಳೆದುಹೋಗುತ್ತದೆ. ಕಳೆದದ್ದನ್ನು ಮತ್ತೆ ಮತ್ತೆ ಕಳಿಸುತ್ತಾ ಕಂಪ್ಯೂಟರುಗಳು ತೆವಳತೊಡಗುತ್ತವೆ. ಅಳತೆಯ ಯಂತ್ರ ಬೊಟ್ಟು ಮಾಡಿದ್ದು ಇದೇ ಪೆಟ್ಟಿಗೆಯತ್ತ, ಅಂದರೆ ಪ್ರಮೀಳಾ ಅವರ ಕೈಕೆಲಸದತ್ತ. ಇವತ್ತೂ ಸೋತರೆ ಈ ಮಾರ್ಗ ಬೆಂಗಳೂರಿನ ತಂಡಕ್ಕೆ, ಪ್ರಮೀಳಾ ಮತ್ತೆ ಗುದ್ದಲಿಗೆ. ಮೇಲ್ವಿಚಾರಕ ಸಲೀಂ ನಿನ್ನೆಯೇ ಇದನ್ನು ಹೇಳಿಯಾಗಿದೆ.

ಕೇಬಲ್ ಹೂಳುವವರು ಬಂದಾಗ ಪ್ರಮೀಳಾ ಗುಂಡಿ ತೋಡುವ ಕೂಲಿಗೇ ಸೇರಿದ್ದರು. ಅದಕ್ಕೂ ಮುಂಚೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಒಣಗಿಸುವ ಮನೆಗೆ ಏರಿಸುವ ಕೆಲಸ. ಬೆರಳಿನ ಚುರುಕು ಕಂಡು ಸಲೀಂ ಬೆಸುಗೆ ಕಲಿಸಿದರು. ಗಂಡಸರ ಕೆಲಸ ಇವಳಿಗೇಕೆ ಎಂದು ಊರು ಆಡಿಕೊಂಡಿತು. ಆಡಿಕೊಳ್ಳುವುದಕ್ಕೆ ಊರಿಗೇನು ಖರ್ಚು? ಈಗ ದಿನಕ್ಕೆ ಮೂವತ್ತು, ನಲವತ್ತು ಬೆಸುಗೆ. ಗಾಜಿನ ಚೂರು ಚರ್ಮಕ್ಕೆ ಹೊಕ್ಕರೆ ಕಣ್ಣಿಗೂ ಕಾಣದು. ಅದಕ್ಕೇ ಒಂದೊಂದನ್ನೂ ಟೇಪಿಗೆ ಅಂಟಿಸಿ, ಸೆರಗು ಕೊಡವಿ, ಆಮೇಲೆಯೇ ಅವರು ಬುತ್ತಿ ಬಿಚ್ಚುವುದು.

ಪೆಟ್ಟಿಗೆಯ ತಪ್ಪು ತೆರೆದೊಡನೆ ಸಿಕ್ಕಿದೆ. ಬೆಸುಗೆ ಚೆನ್ನಾಗಿದೆ, ಆದರೆ ಎಳೆಗಳನ್ನು ಸುತ್ತಿಟ್ಟ ಕಟ್ಟು ತೀರಾ ಬಿಗಿ. ಎಳೆ ಬಾಗಿದ ಕಡೆ ಬೆಳಕು ಸೋರುತ್ತಿದೆ.

"ಸೊಪ್ಪು ಸಡ್ಲ ಕಟ್ಟುದ್ರೆ ಬ್ಯಾರನ್ನಾಗೆ ಒಣಗಿ ಉದ್ರೋಯ್ತದೆ. ಜಗ್ಗಿ ಗಂಟಾಕೋದು ಕೈಗೆ ಬಂದ್ಬುಟ್ಟದೆ. ಇದ್ಕೂ ಅಂಗೇ ಮಾಡ್ಬುಟ್ಟಿವ್ನಿ ಕಣ್ರೀ."

ಬೇರೆಯವರನ್ನು ಕರೆಸಲೇ ಎಂದು ಸಲೀಂ ಕೇಳುತ್ತಾರೆ.

"ಬ್ಯಾಡಿ ಸಾಬ್ರೇ. ನಾನ್ ಕಟ್ಟಿದ್ನ ನಾನೇ ಬಿಚ್ಚಬೇಕು."

ಗಂಟು ಬಿಚ್ಚುತ್ತಾರೆ. ನಲುಗಿದ ತುಂಡು ಕತ್ತರಿಸಿ ಮತ್ತೆ ಬೆಸೆದು, ಎಳೆಯನ್ನು ಅಗಲವಾಗಿ ಸುತ್ತಿ ಮಲಗಿಸುತ್ತಾರೆ. ಬಿಗಿಯಲು ಹೊರಟ ಬೆರಳನ್ನು ಎರಡು ಸಲ ತಾವೇ ತಡೆಯುತ್ತಾರೆ. ಸಲೀಂ ಮೈಸೂರಿಗೆ ಫೋನು ಹಚ್ಚಿ "ಪೂರ್ತಿ ಸ್ಪೀಡಿಗೆ ಬಿಟ್ಟು ನೋಡಿ ಸಾರ್" ಎನ್ನುತ್ತಾರೆ. ಬಸ್ಸು ಬರುತ್ತದೆ, ಹೋಗುತ್ತದೆ. ಸಲೀಂ ಫೋನನ್ನು ಕಿವಿಯಿಂದ ಇಳಿಸುತ್ತಾರೆ.

"ಪ್ರಮೀಳಮ್ಮ, ಪೂರ್ತಿ ಸ್ಪೀಡಂತೆ! ಇಳೀತಾನೇ ಇಲ್ವಂತೆ. ನಾಳೆ ಹುಣಸೂರು ಪೆಟ್ಟಿಗೆನೂ ನೀವೇ ನೋಡ್ಬೇಕು."

ಪ್ರಮೀಳಾ ತಲೆಯಾಡಿಸಿ ಪೆಟ್ಟಿಗೆಯ ಮುಚ್ಚಳ ತಿರುಪುತ್ತಾರೆ. ಈ ಎಳೆಯೊಳಗೆ ಹೋಗುವುದೇನು, ಗೊತ್ತೇ ಎಂದು ಕೇಳುತ್ತೇನೆ.

"ಮಳೆ ಲೆಕ್ಕ, ಗಾಳಿ ಲೆಕ್ಕ ಅಂತಾರೆ. ನಂಗೆ ತಿಳಿಯಾಕಿಲ್ಲ. ಏನಾರ ಓಗ್ಲಿ, ನನ್ ಕೈ ಮುಟ್ಟಿದ್ ತಾವ ಇವತ್ತು ಒಂದ್ ಚೂರೂ ಕಳ್ದೋಗ್ನಿಲ್ಲ ಕಣ್ರೀ."